ಕೊಬ್ಬರಿ ಮರದ ಸೋಬಾನೆ

ನಾನು ಹಾಡದ ಹಾಡುಗಳನ್ನ ನಮ್ಮಣ್ಣನ ಮಗಳು ನನ್ನ ಹೆಸರಲ್ಲಿ ಬರೆದು, ಬೈಂಡ್ ಮಾಡಿಸಿ, ಕಾಲೇಜಿಗೆ ಕೊಟ್ಟು ಬಂದಿದ್ದಾಳೆ ಅನ್ನೋದು ನನಗೆ ಗೊತ್ತಾದದ್ದು ಒಂದು ಭಾನುವಾರ ಬೆಳಗ್ಗೆ. ನಾನು ಮಿಷನ್ ಮುಂದೆ ಕೂತು ಯಾರದೋ ಮದುವೆ ಬ್ಲೌಸಿಗೆ ತೋಳು ಕೂರಿಸ್ತಿದ್ದೆ. ಅವಳು ಬಂದು ಬಾಗಿಲಿಗೆ ಒರಗಿ ನಿಂತಳು. ಅವಳು ಹಾಗೆ ಒರಗಿದಳು ಅಂದರೆ ಏನೋ ಎಡವಟ್ಟು ಮಾಡಿಕೊಂಡು ಬಂದಿದ್ದಾಳೆ ಅಂತಲೇ ಅರ್ಥ.

"ಅತ್ತೆ, ಗುರುವಾರ ನಮ್ಮ ಮೇಡಂ ಮನೆಗೆ ಬತ್ತಾರೆ," ಅಂದಳು.

"ಬರಲಿ ಬುಡು. ಒಬ್ಬಟ್ಟು ಮಾಡಿದ್ರಾಯ್ತು."

"ಊಟಕ್ಕಲ್ಲ. ನೀನು ಹಾಡೋದನ್ನ ವಿಡಿಯೋ ಮಾಡ್ಕೊಳ್ಳೋಕೆ."

ಮಿಷನ್ ನಿಲ್ಲಿಸಿದೆ. ನಮ್ಮ ಯಜಮಾನರು ಹೋದಾಗಿನಿಂದ ನಾನು ಬಾಯಿಬಿಟ್ಟು ಒಂದು ಪದ ಹೇಳಿದವಳಲ್ಲ. ಅದು ಇವಳಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ.

ನಮ್ಮೂರು ಮಾಯಸಂದ್ರಕ್ಕೂ ತುರುವೇಕೆರೆಗೂ ನಡುವೆ, ಬಸ್ ರೋಡಿಗೆ ಅಂಟಿಕೊಂಡೇ ಇದೆ. ನನ್ನ ತವರು ಬೋರನಕಣಿವೆ ಕಡೆ. ಅಲ್ಲಿಂದ ತಿಪಟೂರಿಗೆ ದಿನಾ ಓಡಾಡೋದು ಆಗದ ಮಾತು ಅಂತ ಅಣ್ಣ ಮಗಳನ್ನ ಡಿಗ್ರಿಗೆ ಸೇರಿಸಿದಾಗ ನನ್ನ ಹತ್ತಿರ ಬಿಟ್ಟ. ನನಗೂ ಮಕ್ಕಳಿಲ್ಲ, ನಮ್ಮ ಯಜಮಾನರಿಗಂತೂ ಅವಳನ್ನ ಕಂಡರೆ ಪ್ರಾಣ. ಈಗ ಅವಳದು ತಿಪಟೂರಲ್ಲಿ ಕನ್ನಡ ಎಂ.ಎ., ಕೊನೆ ಸೆಮಿಸ್ಟರ್. ಬೆಳಗ್ಗೆ ನಾನು ಕಟ್ಟಿಕೊಟ್ಟ ಬುತ್ತಿ ಹಿಡಕೊಂಡು ಬಸ್ಸು ಹತ್ತಿದರೆ ದೀಪ ಹಚ್ಚೋ ಹೊತ್ತಿಗೆ ಬರ್ತಾಳೆ.

ಹಾಡು ನನಗೆ ನಮ್ಮವ್ವನಿಂದ ಬಂದದ್ದು. ಅವ್ವನಿಗೆ ಓದು ಬರಹ ಬರ್ತಿರಲಿಲ್ಲ. ಆದರೆ ಆ ಸೀಮೆಯಲ್ಲಿ ಎಲ್ಲಿ ಮದುವೆ ಆದರೂ ಸೋಬಾನೆ ಹೇಳೋಕೆ ಅವಳೇ ಆಗಬೇಕು. ನಾನು ಅವಳ ಸೆರಗು ಹಿಡಕೊಂಡು ಹೋಗಿ ಹಿಂದೆ ಹೇಳ್ತಿದ್ದೆ. ನಮ್ಮಲ್ಲಿ ಪದ ಹೇಳೋದೇ ಹಾಗೆ. ಮುಂದೆ ಹೇಳೋಳು ಒಬ್ಬಳು, ಅವಳು ಒಂದು ಸಾಲು ಬಿಟ್ಟರೆ ಹಿಂದಿನವರು ಅದನ್ನೇ ಎತ್ತಿಕೊಳ್ಳಬೇಕು. ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನಾನು ಮುಂದೆ ಹೇಳೋಳಾದೆ, ಎದುರುಮನೆಯಾಕೆ ಹಿಂದೆ ಹೇಳೋಳಾದಳು. ಯಜಮಾನರು ತೀರಿಕೊಂಡ ಮೇಲೆ ಮದುವೆ ಮನೆಗೆ ನೀನು ಬರಬೇಡ ಅಂತ ಯಾರೂ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಕರೆಯದೆ ಹೋಗಿ ಮೂಲೇಲಿ ಕೂತು ಹಾಡೋಕೆ ನನಗೇನು ಹುಚ್ಚೇ? ಬಿಟ್ಟೆ. ಬ್ಲೌಸು ಹೊಲ್ಕೊಂಡು ಇದ್ದೆ.

"ನಾನು ಹಾಡಲ್ಲ ಅಂತ ಗೊತ್ತಿದ್ದೂ ಯಾಕೆ ಒಪ್ಕೊಂಡೆ?" ಅಂದೆ.

ಅವಳು ಬ್ಯಾಗಿನಿಂದ ಒಂದು ಬೈಂಡಿಂಗ್ ಪುಸ್ತಕ, ಕಾಲೇಜಿಗೆ ಕೊಟ್ಟದ್ದರದೇ ಇನ್ನೊಂದು ಪ್ರತಿ, ತೆಗೆದು ಮಿಷನ್ ಮೇಲೆ ಇಟ್ಟಳು. ನೀಲಿ ರಟ್ಟು, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ. ಅವರವರ ಊರಿನ ಹೆಂಗಸರು ಹೇಳೋ ಪದಗಳನ್ನ ಕೇಳಿ ಬರೆದುಕೊಂಡು, ಅದರ ಬಗ್ಗೆ ಪ್ರಾಜೆಕ್ಟ್ ಮಾಡಬೇಕು ಅಂತ ಕಾಲೇಜಲ್ಲಿ ಹೇಳಿದ್ದರಂತೆ. ಎರಡನೇ ಹಾಳೆಯಲ್ಲಿ 'ಹಾಡಿದವರು' ಅಂತ ನನ್ನ ಹೆಸರು, ಊರು, ವಯಸ್ಸು. ವಯಸ್ಸು ಸರಿಯಾಗೇ ಬರೆದಿದ್ದಳು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಓದೋಕೆ ಬರುತ್ತೆ. ಮೊದಲನೇ ಹಾಡು ತೆಗೆದು ಓದಿದೆ.

ಕೊಬ್ಬರಿ ಮರದ ತಂಪು ನೆರಳಲ್ಲಿ
ಕನಸಿನ ಸೆರಗ ಹಾಸ್ಯಾಳೆ
ಭಾವನೆಗಳ ತೋರಣ ಕಟ್ಟಿ ನಮ್ಮ ಬಾಲೆ
ಹೊಸ ಬದುಕಿಗೆ ನಡೆದಾಳೆ ಸೋಬಾನೆ

ಇನ್ನೊಂದ್ಸಲ ಓದಿದೆ. ತಲೆಗೆ ಹೋಗಲಿಲ್ಲ.

"ಇದ್ಯಾವ ಮರನೇ? ಕೊಬ್ಬರಿ ಮರದಲ್ಲಿ ಬಿಡ್ತದೇನೇ? ತೆಂಗಿನ ಕಾಯಿ ಅಟ್ಟಕ್ಕೆ ಹಾಕಿ, ಒಂದು ವರ್ಷ ಒಣಗಿ, ಒಳಗೆ ಗುಡುಗುಡು ಅಂದ ಮೇಲಲ್ವೇನೇ ಕೊಬ್ಬರಿ ಆಗೋದು? ಅಟ್ಟದ ಕೆಳಗೇ ಮಲಗಿ ಬೆಳೆದವಳು ನೀನು."

"ಅದು ಬರೆದದ್ದು ಅತ್ತೆ. ನಾನಲ್ಲ."

"ಅದು ಅಂದ್ರೆ ಯಾವ್ದು?"

ಫೋನು ತೋರಿಸಿದಳು. ಎಐ ಅಂತೆ. ತಿಪಟೂರು ಸೀಮೆ ಸೋಬಾನೆ ಪದ ಬೇಕು, ತೆಂಗು ಕೊಬ್ಬರಿ ಎಲ್ಲ ಬರಬೇಕು ಅಂತ ಕೇಳಿದಳಂತೆ, ಕಣ್ಣು ಮಿಟುಕಿಸೋದರಲ್ಲಿ ಬರೆದುಕೊಟ್ಟಿತಂತೆ. ಸಾಲದು ಅಂತ ಕೇಳಿದಷ್ಟೂ ಕೊಟ್ಟಿತಂತೆ. ಹಾಡಿಗೆ ವಿವರಣೆ, ವಿವರಣೆಗೆ ಮುನ್ನುಡಿ, ಕೊನೆಗೆ ನನಗೆ ಧನ್ಯವಾದ ಬೇರೆ. 'ತಮ್ಮ ನೆನಪಿನ ಕಣಜವನ್ನು ತೆರೆದ ನನ್ನ ಸೋದರತ್ತೆಗೆ' ಅಂತ. ಅದನ್ನ ಓದಿದಾಗ ನನಗೆ ಮೈ ಉರಿದುಹೋಯ್ತು.

"ಕಣಜ ಅಂತೆ ಕಣಜ. ಒಂದೇ ಸೂರಿನ ಕೆಳಗೆ ಇದೀವಿ. ಒಂದೇ ತಟ್ಟೇಲಿ ಉಂಡಂಗೆ ಇದೀವಿ. ನನ್ನ ಒಂದು ಮಾತು ಕೇಳೋಕೆ ನಿನಗೇನು ಧಾಡಿಯಾಗಿತ್ತು?"

ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. "ಮಾವ ಹೋದ ಮೇಲೆ ನೀನು ಹಾಡಿದ್ದೇ ನಾನು ಕೇಳಿಲ್ಲ. ಕೇಳಿದ್ರೆ ಎಲ್ಲಿ ಅಳ್ತೀಯೋ ಅಂತ ಭಯ ಆಯ್ತು. ಎರಡು ಮೂರು ಸಲ ಬಂದು ನಿನ್ನ ಪಕ್ಕ ಕೂತ್ಕೊಂಡೆ, ಬಾಯಿ ಬರಲಿಲ್ಲ. ಅದನ್ನಾದ್ರೆ ಏನು ಕೇಳಿದ್ರೂ ಅದಕ್ಕೆ ಬೇಜಾರಾಗಲ್ಲ."

ನನ್ನ ನೋವು ನೋಡಲಾರದೆ ಹುಡುಗಿ ಆ ಫೋನನ್ನ ಕೇಳಿದಳು ಅಂತ ಸಮಾಧಾನ ಮಾಡಿಕೊಳ್ಳಲೋ, ಕೇಳಿದ್ದರೆ ನಾನು ಹೇಳಿಬಿಡ್ತಿದ್ದೆನೋ ಏನೋ ಅಂತ ಹೊಟ್ಟೆ ಉರಿದುಕೊಳ್ಳಲೋ. ಅವಳು ಹಾಗೆ ಪಕ್ಕ ಬಂದು ಕೂತದ್ದು ನನಗೂ ನೆನಪಿತ್ತು. ಏನೋ ಹೊಟ್ಟೆನೋವಿರಬೇಕು ಅಂತ ಜೀರಿಗೆ ಕಷಾಯ ಮಾಡಿಕೊಟ್ಟಿದ್ದೆ.

ಮೇಡಂ ಬರೋ ಕಾರಣ ಆಮೇಲೆ ಬಾಯಿಬಿಟ್ಟಳು. ಚಿಕ್ಕನಾಯಕನಹಳ್ಳಿ ಹುಡುಗನೊಬ್ಬ ಅವನ ಅಜ್ಜಿ ಹಾಡಿದ್ದು ಅಂತ ಕೊಟ್ಟ ಪದದಲ್ಲೂ ಅದೇ ತಂಪು ನೆರಳು. ದಂಡಿನಶಿವರದ ಹುಡುಗಿಯ ತಾಯಿ ಹಾಡಿದ್ದರಲ್ಲೂ ಅದೇ ಭಾವನೆಗಳ ತೋರಣ. ಹೊರಗಿನಿಂದ ಪರೀಕ್ಷೆಗೆ ಬಂದವರು ಅದನ್ನ ಹಿಡಿದುಬಿಟ್ಟರು. ಯಾರು ಯಾರು ಹಾಡಿದ್ದಾರೋ ಅವರೇ ಹಾಡೋದನ್ನ ವಿಡಿಯೋ ಮಾಡಿ ಕಳಿಸಿ, ಇಲ್ಲದಿದ್ದರೆ ಆ ಪ್ರಾಜೆಕ್ಟ್ ರದ್ದು ಅಂದರಂತೆ. ಪ್ರಾಜೆಕ್ಟ್ ರದ್ದಾದರೆ ಈ ವರ್ಷ ಡಿಗ್ರಿ ಇಲ್ಲ.

ಈ ವರ್ಷ ಇಲ್ಲ ಅಂದರೆ ಅವಳಿಗೆ ಯಾವ ವರ್ಷವೂ ಇಲ್ಲ. ಎಂ.ಎ. ಯಾಕೆ ಅಂತ ನಮ್ಮಣ್ಣ ಮೊದಲೇ ಮುಖ ತಿರುಗಿಸಿದ್ದ. ನಾನೇ ತವರಿಗೆ ಹೋಗಿ, ಕೂತು, ಜಗಳ ಆಡಿ ಒಪ್ಪಿಸಿದ್ದೆ. "ಇದೇ ಕೊನೆ ಕಣಮ್ಮ. ಫೇಲು ಗೀಲು ಅಂದ್ರೆ ಅವತ್ತೇ ಕರ್ಕೊಂಡು ಬತ್ತೀನಿ," ಅಂದಿದ್ದ. ಹೇಳಿದ್ದನ್ನ ಮಾಡೋ ಪೈಕಿ ಅವನು. ಇವಳಿಗೋ, ಲೆಕ್ಚರರ್ ಆಗಬೇಕು ಅನ್ನೋದು ಬಿಟ್ಟರೆ ಬೇರೆ ಆಸೆ ಇಲ್ಲ. ಒಬ್ಬಳೇ ಇದ್ದಾಗ ಬೀರುವಿನ ಕನ್ನಡಿ ಮುಂದೆ ನಿಂತು ಪಾಠ ಮಾಡೋದನ್ನ ನಾನೇ ಕಂಡಿದ್ದೀನಿ.

ಮಾರನೆ ದಿನ ಸಂಜೆ ಅವಳ ಜೊತೆ ತಿಪಟೂರಿನ ಗೆಳತಿಯೂ ಬಂದಳು. ಅವರಪ್ಪನದು ಅಲ್ಲೇ ಬೈಕ್ ಗ್ಯಾರೇಜು. ಹುಡುಗಿ ಒಳ್ಳೇ ಹುಡುಗಿ, ಬಂದಾಗೆಲ್ಲ ನನ್ನ ಕತ್ತರಿಗೆ ಸಾಣೆ ಹಿಡಿಸಿಕೊಂಡು ಬರೋಳು. ಇಬ್ಬರನ್ನೂ ಜಗಲಿ ಮೇಲೆ ಕೂರಿಸಿ ಮಂಡಕ್ಕಿ ಕಲಸಿಕೊಟ್ಟೆ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಖಾರ ಸ್ವಲ್ಪ ಜಾಸ್ತಿಯೇ ಬಿತ್ತು.

"ನೀನೂ ಹಿಂಗೇ ಮಾಡಿದ್ಯಾ?" ಅಂತ ಆ ಹುಡುಗಿಯನ್ನ ಕೇಳಿದೆ.

"ಇಲ್ಲ ಆಂಟಿ. ನಮ್ಮ ದಾದಿ, ಅಪ್ಪನ ಅಮ್ಮ, ಮದುವೇಲಿ ಹೇಳೋ ಹಾಡುಗಳನ್ನ ಕೂತು ಬರ್ಕೊಂಡೆ. ಅವು ನಮ್ಮ ಮನೆಮಾತಲ್ಲಿರೋದು. ಕನ್ನಡ ಅಕ್ಷರದಲ್ಲಿ ಬರೆದು ಅರ್ಥ ಹೇಳೋಷ್ಟರಲ್ಲಿ ಸಾಕುಬೇಕಾಯ್ತು. ಇಂಗ್ಲಿಷಲ್ಲಿ ಒಂದು ಪುಟ ಸಾರಾಂಶ ಕೇಳಿದ್ರು, ಅದೊಂದನ್ನ ಮಾತ್ರ ಎಐ ಕೈಲಿ ಮಾಡಿಸ್ದೆ."

"ಮತ್ತೆ ಒಳ್ಳೇ ಮಾರ್ಕ್ಸು ಬಂದಿರಬೇಕಲ್ಲ."

ಅವಳು ನಕ್ಕಳು. ಖುಷಿಯ ನಗು ಅಲ್ಲ. "ಭಾಷೆ ಒರಟಾಗಿದೆ ಅಂತ ಬರೆದಿದಾರೆ. ಕಾಲೇಜಿನವರು ಹಾಕಿದ ಮಾರ್ಕ್ಸು ಇವಳಿಗಿಂತ ಕಮ್ಮಿ. ಎಲ್ಲರೂ ಬಸ್ಸಲ್ಲಿ ಹೋದ್ರು, ನಾನೊಬ್ಬಳು ಬಿಸಿಲಲ್ಲಿ ನಡ್ಕೊಂಡು ಹೋದಂಗಾಯ್ತು ಆಂಟಿ. ಹೋಗಿ ನೋಡಿದ್ರೆ ಸೀಟೂ ಇಲ್ಲ."

"ಹಂಗಾದ್ರೆ ನೀನೇ ಹೋಗಿ ಮೇಡಂಗೆ ಹೇಳಬಹುದಿತ್ತಲ್ಲ, ಇವರೆಲ್ಲ ಹಿಂಗಿಂಗೆ ಅಂತ."

"ಹೇಳಿ, ನಾಳೆಯಿಂದ ಯಾರ ಜೊತೆ ಕೂತು ಊಟ ಮಾಡಲಿ?"

ನಮ್ಮ ಹುಡುಗಿಗೆ ರೋಷ ಬಂತು. "ಹೇಳೋದಾದ್ರೆ ಹೇಳು ಹೋಗೇ. ಮೇಡಂಗಳಿಗೆ ಗೊತ್ತಿಲ್ವಾ? ನಮಗೆ ಕೊಡೋ ನೋಟ್ಸೇ ಎಷ್ಟೋ ಸಲ ಅದರದ್ದು." ಆಮೇಲೆ ನನ್ನ ಕಡೆ ತಿರುಗಿದಳು. "ಅತ್ತೆ, ನೀನೂ ಮಿಷನ್ನಲ್ಲೇ ಹೊಲಿಯೋದು. ಕೈಹೊಲಿಗೆ ಹಾಕಿ ಬ್ಲೌಸ್ ಕೊಡು ಅಂತ ಯಾರಾದ್ರೂ ಕೇಳ್ತಾರಾ?"

"ಮಿಷನ್ನಲ್ಲಿ ಹೊಲಿದ್ರೂ ಅಳತೆ ತಗೊಳ್ಳೋದು ಮೈಯಿಂದ ಕಣೇ. ನೀನು ಬಂದು ಅಳತೆನೇ ತಗೊಳ್ಳಲಿಲ್ಲ. ಹೊಲಿದ ಮೇಲೆ ಬಂದು, ಅತ್ತೆ ಇದಕ್ಕೆ ತಕ್ಕಂಗೆ ಮೈ ಇಳಿಸ್ಕೊ ಅಂತಿದ್ಯ."

ಗೆಳತಿ ಕಿಸಕ್ಕಂದಳು. ಇವಳು ನಗಲಿಲ್ಲ.

"ತಪ್ಪು ಅಂತ ನಿನಗೆ ಅನ್ನಿಸೋದೇ ಇಲ್ವಾ?" ಅಂತ ಸ್ವಲ್ಪ ತಣ್ಣಗೆ ಕೇಳಿದೆ.

"ಮೊದಲನೇ ಸಲ ಅನ್ನಿಸಿತ್ತು. ಆಮೇಲೆ ಎಲ್ಲರೂ ಮಾಡ್ತಿದಾರೆ ಅಂತ ಗೊತ್ತಾಯ್ತು. ಆಮೇಲೆ ಮಾಡದಿದ್ರೇನೇ ಭಯ ಆಗೋಕೆ ಶುರುವಾಯ್ತು. ನಾನು ಒಂದು ವಾರ ಕೂತು ಬರೆದದ್ದು ಅದು ಒಂದು ನಿಮಿಷದಲ್ಲಿ ಬರೆದದ್ದಕ್ಕಿಂತ ಪೆದ್ದಾಗಿ ಕಾಣೋದು ಅತ್ತೆ. ಈಗ ರಜೆ ಚೀಟಿ ಬರೀಬೇಕಾದ್ರೂ ಅದನ್ನೇ ಕೇಳ್ತೀನಿ."

ಅಷ್ಟು ಹೇಳಿ ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟು ಅತ್ತಳು. ಇವಳು ಕಳ್ಳತನ ಮಾಡಿ ಜಂಬ ಪಡ್ತಿದ್ದಾಳೆ ಅಂದುಕೊಂಡಿದ್ದೆ ನಾನು. ಹಾಗಲ್ಲ. ಬೋನಿಗೆ ಬಿದ್ದ ಇಲಿ ಆಗಿದ್ದಳು. ಬಾಗಿಲು ತೆಗೆಯೋಕೆ ಅಂತ ಕೈ ಹಾಕಿದರೆ ನಾನೂ ಒಳಗೇ ಬೀಳೋ ಹಾಗಿತ್ತು.

ಇದ್ದಬದ್ದ ದಾರಿಯೆಲ್ಲ ಯೋಚನೆ ಮಾಡಿದೆ. ನನಗೆ ಜ್ವರ ಅಂತ ಹೇಳಿಬಿಡು ಅಂದೆ. ವಿಡಿಯೋ ಇಲ್ಲದಿದ್ದರೆ ರದ್ದು ಅಂದಳು. ತವರಿಗೆ ಹೋಗಿಬಿಡ್ತೀನಿ ಅಂದೆ. ಅಪ್ಪ ಯಾಕೆ ಬಂದೆ ಅಂತ ಕೇಳ್ತಾನೆ ಅಂದಳು. ಹೋಗ್ಲಿ, ನಾನು ನಮ್ಮವ್ವನ ಪದಗಳನ್ನೇ ಹೇಳ್ತೀನಿ, ಬರೆಯುವಾಗ ಹೆಚ್ಚುಕಮ್ಮಿ ಆಯ್ತು ಅಂತ ಮೇಡಂಗೆ ಹೇಳೋಣ ಅಂದೆ. ಬೈಂಡಾಗಿರೋದನ್ನೇ ಹಾಡಬೇಕು, ಸಾಲಿಗೆ ಸಾಲು ಹೋಲಿಸಿ ನೋಡ್ತಾರೆ ಅಂದಳು.

"ಆ ಕೊಬ್ಬರಿ ಮರ ಒಂದನ್ನಾದ್ರೂ ತೆಂಗಿನ ಮರ ಅಂತೀನಿ ಕಣೇ."

"ಬೇಡ ಅತ್ತೆ. ಅಕ್ಷರ ಬದಲಾಗಂಗಿಲ್ಲ."

ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗಾಯ್ತು ನನ್ನ ಗತಿ. ತಪ್ಪು ಅಂತ ಗೊತ್ತಿರೋದನ್ನ ತಪ್ಪಿಲ್ಲದಂತೆ ಬಾಯಿಪಾಠ ಮಾಡಬೇಕು. ಅದೂ ಈ ವಯಸ್ಸಿಗೆ.

ಮಿಷನ್ ಮುಂದೆಯೇ ಕೂತು ಕಲಿಯೋಕೆ ಶುರು ಮಾಡಿದೆ. ಆ ಪದಗಳು ಯಾವ ಧಾಟಿಗೂ ಕೂರೋಲ್ಲ. 'ಭಾವನೆಗಳ ತೋರಣ' ಅನ್ನೋವಷ್ಟರಲ್ಲಿ ಉಸಿರೇ ಮುಗಿಯುತ್ತೆ. ಮಾವಿನ ಎಲೆ ತೋರಣ ಕಟ್ಟಿದ್ದೀವಿ, ಭಾವನೆ ತೋರಣ ಕಟ್ಟೋದು ಹೇಗೋ ಆ ಶಿವನೇ ಬಲ್ಲ. ಏನೇನೋ ಎಳೆದಾಡಿ, ಕೊನೆಗೆ ನಮ್ಮವ್ವನ ಒಂದು ಪದದ ಧಾಟಿಗೆ ಕೂರಿಸಿದೆ. ಹೆಣ್ಣು ಒಪ್ಪಿಸೋವಾಗ ಹೇಳೋ ಪದ ಅದು. 'ಅಟ್ಟದ ಕಾಯಿ ಇಳಿಸಿರೇ, ಹೊಸಿಲು ತೊಳೆಯಿರೇ, ಪಟ್ಟದ ಮಗಳು ಹೊರಟಾಳೆ' ಅಂತ ಅವ್ವ ಎತ್ತಿದರೆ ಗಂಡಿನ ಕಡೆಯವರೂ ಸುಮ್ಮನಾಗೋರು. ಆ ಧಾಟಿಯಿಂದ ಅವಳ ಮಾತನ್ನ ತೆಗೆದು ಈ ಮಾತನ್ನ ಹಾಕಿದೆ. ಕೂತಿತು. ಕೂತದ್ದೇ ಬೇಜಾರಾಯ್ತು.

ಮೊದಲ ಸಲ ಗಟ್ಟಿಯಾಗಿ ಹೇಳಿದಾಗ ಗಂಟಲು ಒಡೆಯಿತು. ಎರಡನೇ ಸಲಕ್ಕೆ ದನಿ ಬಂತು. ಅದು ಹೋಗಿಲ್ಲ, ಒಳಗೆಲ್ಲೋ ಇತ್ತು. ಅಳು ತಡೆಯೋಕಾಗಲಿಲ್ಲ. ಎಷ್ಟು ದಿನದ ಮೇಲೆ ಹಾಡಿದೆ ಅನ್ನೋ ಸಂತೋಷ ಒಂದು ಕಡೆ, ಹಾಡಿದ್ದು ಇಂಥದ್ದನ್ನ ಅನ್ನೋ ಸಂಕಟ ಒಂದು ಕಡೆ. ನಮ್ಮ ಯಜಮಾನರು ಇದ್ದಿದ್ದರೆ ನಕ್ಕು ನಕ್ಕು ಸಾಯ್ತಿದ್ದರು. ಬಾಗಿಲಾಚೆ ನಿಂತು ಕೇಳ್ತಿದ್ದ ಹುಡುಗಿ ಒಳಗೆ ಬಂದು, "ಎಷ್ಟು ಚೆನ್ನಾಗಿ ಹೇಳ್ತೀಯ ಅತ್ತೆ, ನಿಜವಾದ ಹಾಡಿನಂಗೇ ಇದೆ," ಅಂದಳು.

"ಎದ್ದೋಗು ಇಲ್ಲಿಂದ," ಅಂದೆ.

ಹಿಂದೆ ಹೇಳೋಕೆ ಒಬ್ಬರಾದರೂ ಬೇಕಲ್ಲ. ಎದುರುಮನೆಯಾಕೆ ಅಂಗಳದಲ್ಲಿ ತೆಂಗಿನ ಮಟ್ಟೆ ಒಣಗಹಾಕ್ತಿದ್ದಳು. ಹೋಗಿ ಕೇಳಿದೆ. ಕಾಲೇಜಿನವರು ಬರ್ತಾರೆ, ಸೋಬಾನೆ ಕೇಳ್ತಾರಂತೆ, ಬಂದು ಹಿಂದೆ ಹೇಳ್ಬುಡು ಅಂದೆ.

ಅವಳು ಕೈಯಲ್ಲಿದ್ದ ಮಟ್ಟೆ ಕೆಳಗಿಟ್ಟಳು. "ಸೋಬಾನೆನಾ? ನೀನಾ ಅಕ್ಕ?" ಅಂದು ಸೆರಗಿಗೆ ಕೈ ಒರೆಸಿಕೊಂಡು, "ಬೇಕಾದ್ರೆ ನಾನೇ ಮುಂದೆ ಹೇಳ್ತೀನಿ ಬುಡು. ನೀನು ಹಿಂದೆ ಕೂತ್ಕೊ," ಅಂದಳು.

ಕೆಟ್ಟದ್ದಕ್ಕೆ ಹೇಳಿದ್ದಲ್ಲ, ಗೊತ್ತು. ಆದರೂ ಚುಚ್ಚಿತು. "ಪುಸ್ತಕದಲ್ಲಿ ನನ್ನ ಹೆಸರಿದೆ. ನಾನೇ ಹೇಳಬೇಕು," ಅಂದು ಬಂದೆ.

ಗುರುವಾರ ಮೇಡಂ ಬಸ್ಸಲ್ಲೇ ಬಂದರು. ದೊಡ್ಡ ಮನುಷ್ಯರು, ಕನ್ನಡಕ ಹಾಕಿಕೊಂಡು ಗದರಿಸೋರು ಅಂತ ಅಂದುಕೊಂಡಿದ್ದೆ. ನೋಡಿದರೆ ನಮ್ಮ ಹುಡುಗಿಗಿಂತ ಸ್ವಲ್ಪ ದೊಡ್ಡೋರು ಅಷ್ಟೆ. ಬಿಸಿಲಿಗೆ ಮುಖ ಬಾಡಿತ್ತು. ಮಜ್ಜಿಗೆ ಕೊಟ್ಟೆ, ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದರು. ಬೆಳಗ್ಗೆಯಿಂದ ಊರೂರು ಸುತ್ತುತ್ತಾ ಇದ್ದೀನಿ ಅಮ್ಮ, ಇದು ನಾಲ್ಕನೇ ಮನೆ ಅಂದರು. ಅವರದೂ ಚಿಕ್ಕನಾಯಕನಹಳ್ಳಿ ಕಡೆಯಂತೆ, ತೋಟದ ಮನೆಯಂತೆ. ಕೊಬ್ಬರಿ ಯಾವ ಮರದ್ದು ಅಂತ ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಾಪೆ ಹಾಸಿ ನಾನೂ ಎದುರುಮನೆಯಾಕೆಯೂ ಕೂತೆವು. ಮೇಡಂ ಪುಸ್ತಕ ತೊಡೆ ಮೇಲೆ ತೆಗೆದಿಟ್ಟುಕೊಂಡು ಫೋನು ಎತ್ತಿ ಹಿಡಿದರು. ನಮ್ಮ ಹುಡುಗಿ ಅವರ ಹಿಂದೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ನಾನು ಕಣ್ಣು ಮುಚ್ಚಿ ಎತ್ತಿದೆ.

"ಕೊಬ್ಬರಿ ಮರದ ತಂಪು ನೆರಳಲ್ಲಿ..."

ಎದುರುಮನೆಯಾಕೆ ಯೋಚನೆಯೇ ಮಾಡದೆ ಎತ್ತಿಕೊಂಡಳು. "ತೆಂಗಿನ ಮರದ ತಂಪು ನೆರಳಲ್ಲಿ..."

ನಾನು ಅದೇ ಸಾಲನ್ನ ಇನ್ನೊಂದ್ಸಲ, ಸ್ವಲ್ಪ ಒತ್ತಿ ಹೇಳಿದೆ. ಅವಳು ಮತ್ತೆ ತೆಂಗಿನ ಮರ ಅಂದಳು. ಅವಳ ತಪ್ಪೇನು? ಇಷ್ಟು ವರ್ಷ ನನ್ನ ಬಾಯಿ ತಪ್ಪಿದಾಗೆಲ್ಲ ಸದ್ದಿಲ್ಲದೆ ಸರಿಮಾಡಿ ಎತ್ತಿಕೊಂಡವಳು ಅವಳು. ಮದುವೆಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಮರ್ಯಾದೆ ಉಳಿಸಿದವಳು. ಈಗಲೂ ಅದನ್ನೇ ಮಾಡ್ತಿದ್ದಳು. ಮೂರನೇ ಸಲಕ್ಕೆ ಮೊಣಕೈಯಲ್ಲಿ ತಿವಿದೆ. ಅವಳು ಹಾಡು ನಿಲ್ಲಿಸಿ, "ಬಾಯಿ ತಪ್ತಿದೀಯ ಕಣಕ್ಕ, ಕೊಬ್ಬರಿ ಮರ ಅಂತಿದೀಯ," ಅಂತ ಗಟ್ಟಿಯಾಗಿಯೇ ಹೇಳಿದಳು.

ಮೇಡಂ ಪುಸ್ತಕ ನೋಡಿದರು, ನನ್ನ ನೋಡಿದರು. ಫೋನು ಇಳಿಸಲಿಲ್ಲ.

"ಅಮ್ಮ, ಈ ಹಾಡು ನಿಮಗೆ ಯಾರು ಕಲಿಸಿದ್ದು?"

ಎಲ್ಲದಕ್ಕೂ ತಯಾರಾಗಿದ್ದೆ, ಇದಕ್ಕಿರಲಿಲ್ಲ. ನಮ್ಮಲ್ಲಿ ಪದ ಹೇಳೋರನ್ನ ಇದೊಂದು ಕೇಳಿದರೆ ತಪ್ಪು ಹೇಳೋ ಹಾಗಿಲ್ಲ. ಕಲಿಸಿದವರ ಹೆಸರು ಮುಚ್ಚಿಟ್ಟರೆ ಪದ ನಾಲಿಗೆ ಮೇಲೆ ನಿಲ್ಲಲ್ಲ ಅಂತಾರೆ. ಅವ್ವ ಪಕ್ಕದ ಮನೆಯಾಕೆಯಿಂದ ಕಲಿತ ಒಂದೇ ಒಂದು ಸಾಲನ್ನೂ, ಇದು ನಂದಲ್ಲ, ಅವಳದು ಅಂತ ಹೇಳೇ ಹಾಡೋಳು. ನನ್ನ ಕೈ ತಾನೇ ಎದ್ದು ಗೋಡೆ ಕಡೆ ಹೋಯ್ತು.

"ಇವಳು. ಇವಳು ಕಲಿಸಿದ್ದು," ಅಂದೆ.

ಹುಡುಗಿಯ ಮುಖದಲ್ಲಿ ರಕ್ತ ಇರಲಿಲ್ಲ. ಎದುರುಮನೆಯಾಕೆ ಬಾಯಿ ತೆರೆದುಕೊಂಡು ನನ್ನನ್ನೇ ನೋಡ್ತಿದ್ದಳು. ಮುಗೀತು ಅಂದುಕೊಂಡೆ. ಅಣ್ಣನಿಗೆ ಏನು ಹೇಳೋದು ಅನ್ನೋದು ತಲೆಗೆ ಬಂತು. ಅದರ ಜೊತೆಗೇ, ಸುಳ್ಳು ಹೇಳಬಾರದು, ಎದೆಯ ಮೇಲಿನ ಕಲ್ಲು ಇಳಿದ ಹಾಗೂ ಆಯ್ತು.

ಮೇಡಂ ಫೋನಿನ ಮೇಲೆ ಬೆರಳಾಡಿಸಿದರು. ಬೈತಾರೆ ಅಂತ ಕಾಯ್ತಾ ಕೂತೆ. ಅವರು ಬೈಯಲಿಲ್ಲ.

"ಅದನ್ನ ಅಳಿಸಿದೆ ಅಮ್ಮ," ಅಂದರು. "ಇನ್ನೊಂದ್ಸಲ ಮಾಡೋಣ."

"ಯಾಕೆ? ಹೇಳಿದೆನಲ್ಲ."

"ಹೇಳಿದ್ರಿ. ನೀವು ಹೇಳದೆಯೂ ನನಗೆ ಗೊತ್ತಿತ್ತು. ಬೆಳಗ್ಗೆಯಿಂದ ಮೂರು ಮನೇಲಿ ಇದನ್ನೇ ಕೇಳಿಸ್ಕೊಂಡು ಬಂದಿದೀನಿ." ಅವರು ನನ್ನ ಮುಖ ನೋಡದೆ ಸೆರಗಿನ ತುದಿಯಿಂದ ಫೋನು ಒರೆಸ್ತಾ ಮಾತಾಡಿದರು. "ಇವಳೊಬ್ಬಳದಾದ್ರೆ ಸುಳ್ಳು ಅಂತ ಬರೆದು ಕಳಿಸಿಬಿಡ್ತಿದ್ದೆ. ಒಬ್ಬಿಬ್ಬರನ್ನ ಬಿಟ್ಟರೆ ಕ್ಲಾಸಿಗೆ ಕ್ಲಾಸೇ ಹಿಂಗೆ. ಎಲ್ಲರನ್ನೂ ಫೇಲು ಮಾಡಿದ್ರೆ ಮುಂದಿನ ವರ್ಷ ಕನ್ನಡ ಎಂ.ಎ.ಗೆ ಯಾರು ಸೇರ್ತಾರೆ? ಕೋರ್ಸೇ ಮುಚ್ಚಿಬಿಡ್ತಾರೆ. ನಾನು ಗೆಸ್ಟ್ ಲೆಕ್ಚರರ್ ಅಮ್ಮ. ಕೋರ್ಸ್ ಇದ್ರೆ ನಾನು."

ನಿಜ ಹೇಳಿದರೆ ಒಂದೋ ಉಳೀತೀವಿ, ಇಲ್ಲ ಮುಳುಗ್ತೀವಿ ಅಂತ ತಿಳಿದಿದ್ದೆ. ಹೇಳಿದ ನಿಜವನ್ನ ಯಾರಾದ್ರೂ ಬೇಡ ಅಂತ ವಾಪಸ್ ಕೊಡ್ತಾರೆ ಅಂತ ತಿಳಿದಿರಲಿಲ್ಲ. ಗೋಡೆ ಹತ್ತಿರದಿಂದ ಹುಡುಗಿ ನನ್ನ ನೋಡಿ ಕೈ ಮುಗಿದಳು. ಅವಳು ಹುಟ್ಟಿದಾಗಿನಿಂದ ನನಗೆ ಹಾಗೆ ಕೈ ಮುಗಿದವಳಲ್ಲ.

"ಹಾಡು ಮೊದಲು ಆಗ್ಲಿ," ಅಂದರು ಮೇಡಂ. ಎದುರುಮನೆಯಾಕೆ ನನ್ನ ಮುಖ ನೋಡಿದಳು. ಅವಳಿಗೆ ಎಷ್ಟು ಅರ್ಥವಾಗಿತ್ತೋ ನನಗೆ ಗೊತ್ತಿಲ್ಲ. ನಾನು ಕೊಬ್ಬರಿ ಮರ ಅಂದೆ. ಅವಳು ಒಂದು ಗಳಿಗೆ ತಡೆದು ಕೊಬ್ಬರಿ ಮರ ಅಂದಳು. ತಂಪು ನೆರಳು, ಕನಸಿನ ಸೆರಗು, ಭಾವನೆಗಳ ತೋರಣ ಎಲ್ಲ ಒಂದಾದ ಮೇಲೆ ಒಂದು ಬಂದವು. ದನಿ ಎಲ್ಲೂ ಒಡೆಯಲಿಲ್ಲ. ನಾವಿಬ್ಬರೂ ಅಷ್ಟು ಚೆನ್ನಾಗಿ ಯಾವ ಮದುವೇಲೂ ಹೇಳಿರಲಿಲ್ಲ ಅನ್ನಿಸುತ್ತೆ.

ಹಾಡು ಮುಗಿದ ಮೇಲೂ ಮೇಡಂ ಫೋನು ಇಳಿಸಲಿಲ್ಲ. "ಈಗ ಕೇಳ್ತೀನಿ. ಕೇಳಿದ್ದಕ್ಕಷ್ಟೇ ಹೇಳಿ ಅಮ್ಮ, ಸಾಕು," ಅಂದರು. ದನಿ ಮೆತ್ತಗಿತ್ತು.

"ನಿಮ್ಮ ತಾಯಿ ಸೋಬಾನೆ ಹೇಳ್ತಿದ್ರಾ?"

"ಹೇಳ್ತಿದ್ರು."

"ನೀವು ಹಾಡು ಕಲಿತದ್ದು ಅವರಿಂದಾನಾ?"

"ಅವರಿಂದಾನೇ."

"ಅವರ ಹೆಸರು?"

ಕೇಳಿದ್ದೆಲ್ಲ ನಿಜ. ಹೇಳಿದ್ದೂ ಎಲ್ಲ ನಿಜ. ಆದರೆ ವಿಡಿಯೋ ನೋಡೋರಿಗೆ ಆ ಕೊಬ್ಬರಿ ಮರವೂ ಅವ್ವನದೇ ಅಂತ ಕಾಣುತ್ತೆ. ನಿಲ್ಲಿಸೋಕೆ ಒಂದು ಸುಳ್ಳಾದರೂ ಸಿಗುತ್ತೇನೋ ಅಂತ ಒಳಗೆಲ್ಲ ಹುಡುಕಿದೆ, ಸಿಗಲಿಲ್ಲ. ಫೋನು ನನ್ನ ಮುಖದ ಮುಂದೆ ಹಾಗೇ ಇತ್ತು.

ಅವ್ವನ ಹೆಸರು ಹೇಳಿದೆ. ಅವಳು ಹೋದ ಮೇಲೆ ಆ ಹೆಸರನ್ನ ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.